ವಿಮಾನದ ಮೈಮೇಲಿನ ಹಳೇ ಸ್ಟಿಕ್ಕರ್ ಅಕ್ಷರ: ಎಲ್ಲಿ ಬಿಡುತ್ತಿದೆ ಅಂತ ಮೊದಲು ನೋಡಿ

ಸೆಸ್ನಾ 172. ಎಡಗಡೆ ಮೈಮೇಲೆ, ಬಾಗಿಲಿನ ಹಿಂದಿನಿಂದ ಬಾಲದ ಕಡೆಗೆ, ಹಳೇ ತರಬೇತಿ ಶಾಲೆಯ ಹೆಸರು. 14 ಅಕ್ಷರ, ಕಡು ನೀಲಿ. ವಿಮಾನ ಕೈ ಬದಲಾಗಿತ್ತು, ಹೆಸರು ಹೋಗಬೇಕಿತ್ತು. ಅರ್ಧ ದಿನದ ಕೆಲಸ ಅಂತ ನಾನೇ ಬಾಯಿಬಿಟ್ಟು ಹೇಳಿದ್ದೆ. ಮೂರು ದಿನ ಹಿಡಿಯಿತು.

ಮೊದಲ ಅಕ್ಷರ ನಾಲ್ಕು ನಿಮಿಷಕ್ಕೆ ಇಡಿಯಾಗಿ ಬಂತು. ಆರನೆಯದು ಬರುವಾಗ ಬೆರಳಗಲದ ಪೇಂಟನ್ನೂ ಜೊತೆಗೆ ತಂದಿತು. ಒಂಬತ್ತನೆಯದರಿಂದ ಆಚೆ ಎಲ್ಲವೂ ಹಪ್ಪಳದ ಹಾಗೆ ಪುಡಿ ಪುಡಿ. ಒಂದೇ ದಿನ, ಒಂದೇ ರೋಲಿನಿಂದ ಕತ್ತರಿಸಿ ಅಂಟಿಸಿದ ಅಕ್ಷರಗಳು. ಹಾಗಿದ್ದರೂ ಮೂರು ಥರದ ತೊಂದರೆ. ಕಾರಣ ಗೊತ್ತಾದ ಮೇಲೆ ನಗು ಬಂತು. ಸೆಸ್ನಾ 172ರ ರೆಕ್ಕೆ ಮೇಲ್ಗಡೆ ಇರುತ್ತದಲ್ವಾ, ಮೊದಲ ಕೆಲವು ಅಕ್ಷರಗಳು ವರ್ಷಗಟ್ಟಲೆ ಅದರ ನೆರಳಲ್ಲೇ ಇದ್ದವು. ಬಾಲದ ಕಡೆಯವು ಬಿಸಿಲಲ್ಲಿ ಬೆಂದಿದ್ದವು. ಆರನೆಯದರ ಕಥೆ ಬೇರೆಯೇ, ಅದಕ್ಕೆ ಆಮೇಲೆ ಬರುತ್ತೇನೆ.

ಸ್ಟಿಕ್ಕರ್ ಕೀಳುವುದೆಂದರೆ ಅಂಗಡಿ ಶಟರಿನ ಜಾಹೀರಾತು ಕೆರೆದ ಹಾಗೆ ಎಂದುಕೊಂಡು ಬ್ಲೇಡ್ ಹಿಡಿದು ನಿಲ್ಲುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲು ಎರಡು ಸೆಂಟಿಮೀಟರ್ ಮಾತ್ರ ಎಬ್ಬಿಸಿ. ಅಲ್ಲೇ ನಿಲ್ಲಿಸಿ ನೋಡಿ. ಕೆಳಗಿನಿಂದ ಮೇಲಕ್ಕೆ ಇರುವ ಪದರಗಳು ಇವು: ಅಲ್ಯುಮಿನಿಯಂ ತಗಡು, ಪ್ರೈಮರ್ ಅನ್ನುವ ಅಡಿಬಣ್ಣ, ಪೇಂಟ್, ಗಮ್, ವಿನೈಲ್ ಅಂದರೆ ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ. ಎಳೆದಾಗ ಎಲ್ಲಾದರೂ ಒಂದು ಕಡೆ ಬಿಡಲೇಬೇಕು. ಗಮ್ಮಿಗೂ ಪೇಂಟಿಗೂ ನಡುವೆ ಬಿಟ್ಟರೆ ನಿಮ್ಮ ಅದೃಷ್ಟ. ಬೇರೆ ಕಡೆ ಬಿಟ್ಟರೆ, ಎಲ್ಲಿ ಬಿಟ್ಟಿತು ಅನ್ನುವುದರಲ್ಲೇ ಉತ್ತರ ಇದೆ.

ಕೈ ಹಾಕುವ ಮೊದಲು

ಅದು ನಿಜಕ್ಕೂ ಸ್ಟಿಕ್ಕರ್ ತಾನೇ? ಪೇಂಟಲ್ಲೇ ಬರೆದ ಅಕ್ಷರವನ್ನು ಅರ್ಧ ಗಂಟೆ ಬಿಸಿ ಮಾಡಿದವರನ್ನು ನಾನು ನೋಡಿದ್ದೇನೆ. ರಿವೆಟ್, ಅಂದರೆ ತಗಡು ಜೋಡಿಸುವ ಮೊಳೆ, ಇರುವ ಕಡೆ ನೋಡಿ. ಸ್ಟಿಕ್ಕರ್ ಆದರೆ ರಿವೆಟ್ ತಲೆಯ ಸುತ್ತ ಸಣ್ಣ ಡೇರೆಯ ಹಾಗೆ ಎದ್ದು ನಿಂತಿರುತ್ತದೆ, ಇಲ್ಲವೇ ಅಲ್ಲಿ ಸೀಳಿರುತ್ತದೆ. ಪೇಂಟ್ ಆದರೆ ರಿವೆಟ್ಟಿನ ಮೈಗೆ ಹತ್ತಿಕೊಂಡಿರುತ್ತದೆ. ಕೆಲವು ಸಲ ಸ್ಟಿಕ್ಕರ್ ಮೇಲೆಯೇ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟ್, ಹೊಡೆದಿರುತ್ತಾರೆ. ಆಗ ಅಂಚು ಉಗುರಿಗೆ ಸಿಗುವುದೇ ಇಲ್ಲ. ಅಂಥದ್ದನ್ನು ಕೀಳಲು ಹೋಗಬೇಡಿ, ಅದು ಪೇಂಟರ್ ಕೆಲಸ.

ಯಾವ ಅಕ್ಷರ ಕೀಳಬೇಕು ಅನ್ನುವುದನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮಲ್ಲಿ ಮಾಲೀಕರು ಬದಲಾದರೂ ವಿಟಿ ಇಂದ ಶುರುವಾಗುವ ನೋಂದಣಿ ಅಕ್ಷರ ಹಾಗೇ ಉಳಿಯುತ್ತದೆ. ಇಂಧನದ ಮುಚ್ಚಳದ ಬಳಿ, ಹೊರಗಿನ ಗಾಳಿಯ ಒತ್ತಡ ಅಳೆಯುವ ಸಣ್ಣ ತೂತಾದ ಸ್ಟ್ಯಾಟಿಕ್ ಪೋರ್ಟ್ ಬಳಿ, ಕಾಲಿಡಬಾರದ ಜಾಗದಲ್ಲಿ ಇರುವ ಚಿಕ್ಕ ಸೂಚನೆಗಳೂ ಇರಲೇಬೇಕಾದವು. ಉತ್ಸಾಹದಲ್ಲಿ ಅವನ್ನೂ ಕಿತ್ತರೆ ವಿಮಾನ ಅಲ್ಲೇ ನಿಲ್ಲುತ್ತದೆ. ಕೆಲಸಕ್ಕೆ ಮೊದಲು ಎಎಂಇ, ಅಂದರೆ ವಿಮಾನ ನಿರ್ವಹಣೆಯ ಎಂಜಿನಿಯರ್, ಜೊತೆ ಮಾತಾಡಿ. ಲಾಗ್‌ಬುಕ್ಕಿಗೆ ಏನು ಹೋಗಬೇಕು ಅಂತ ಅವರೇ ಹೇಳುತ್ತಾರೆ.

ಮೈ ಯಾವುದರದ್ದು ಅನ್ನುವುದು ಇನ್ನೊಂದು ಪ್ರಶ್ನೆ. ಇಲ್ಲಿ ಹೇಳುವುದೆಲ್ಲ ತಗಡಿನ ಮೈಗೆ. ಬಟ್ಟೆ ಹೊದಿಸಿದ ಪೈಪರ್ ಕಬ್ ಥರದ ವಿಮಾನಕ್ಕೆ ಹೀಟ್ ಗನ್ ಹಿಡಿಯಲೇಬೇಡಿ. ಆ ಬಟ್ಟೆಯನ್ನು ಬಿಗಿ ಮಾಡುವುದೇ ಬಿಸಿಯಿಂದ. ಜಾಸ್ತಿ ಬಿಸಿ ತಾಗಿದರೆ ಚೌಕಟ್ಟು ಎಳೆದುಕೊಳ್ಳಬಹುದು, ಅಂಚಿನ ಅಂಟು ಬಿಡಬಹುದು. ಸಿರಸ್, ಡೈಮಂಡ್ ಥರದ ಫೈಬರ್ ವಿಮಾನಗಳಲ್ಲಿ ಒಳಗಿರುವ ರೆಸಿನ್ ಬಿಸಿಗೆ ಮೆತ್ತಗಾಗುತ್ತದೆ. ಅಂಥವಕ್ಕೆ ಬಿಳಿ ಬಣ್ಣ ಹೊಡೆಯಲು ಮುಖ್ಯ ಕಾರಣವೇ ಬಿಸಿಲಿನ ಬಿಸಿ ತಡೆಯುವುದು. ಸೆಸ್ನಾದಲ್ಲೂ ರೆಕ್ಕೆಯ ತುದಿ, ಚಕ್ರದ ಕವಚ ಪ್ಲಾಸ್ಟಿಕ್ ಅಥವಾ ಫೈಬರ್ ಇರುತ್ತದೆ. ಅಲ್ಲಿ ಹೇರ್ ಡ್ರೈಯರ್ ಸಾಕು.

ಕಿಟಕಿಗಳು ಅಕ್ರಿಲಿಕ್. ಅಸಿಟೋನ್, ಥಿನ್ನರ್ ತಾಗಿದರೆ ಕೂದಲೆಳೆಯಂಥ ಬಿರುಕು ಬರುತ್ತದೆ, ಮತ್ತೆ ಹೋಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಟೇಪ್ ಹಾಕಿ. ವೇಗ ಅಳೆಯಲು ಎದುರು ಗಾಳಿ ಹಿಡಿಯುವ ಪಿಟೊ ಕೊಳವೆಗೆ ಅದರ ಕವರ್ ಹಾಕಿ. 172ರಲ್ಲಿ ಎಡಗಡೆ ಮುಂಭಾಗದಲ್ಲಿರುವ ಸ್ಟ್ಯಾಟಿಕ್ ಪೋರ್ಟ್ ಮುಚ್ಚಬೇಕಾದರೆ ಕೆಂಪು ಟೇಪಲ್ಲೇ ಮುಚ್ಚಿ, ಉದ್ದ ಬಾಲ ಬಿಡಿ, ಎಷ್ಟು ತುಂಡು ಹಾಕಿದಿರಿ ಅಂತ ಬರೆದಿಡಿ. ಸುಮ್ನೆ ಹೆದರಿಸುತ್ತಿಲ್ಲ. 1996ರ ಅಕ್ಟೋಬರಿನಲ್ಲಿ ಪೆರುವಿನ ಲಿಮಾದಿಂದ ಹೊರಟ ಬೋಯಿಂಗ್ 757 ರಾತ್ರಿ ಸಮುದ್ರಕ್ಕೆ ಬಿತ್ತು. 70 ಜನ ಇದ್ದರು, ಯಾರೂ ಉಳಿಯಲಿಲ್ಲ. ಮೈ ಶುಚಿ ಮಾಡುವಾಗ ಸ್ಟ್ಯಾಟಿಕ್ ಪೋರ್ಟಿಗೆ ಅಂಟಿಸಿದ ಟೇಪ್ ತೆಗೆಯುವುದನ್ನು ಮರೆತಿದ್ದರು. ಎತ್ತರ, ವೇಗ ಎರಡೂ ತಪ್ಪು ತೋರಿಸಿದವು.

ಅಕ್ಷರ ತುಂಡು ತುಂಡಾಗಿ ಹರಿಯುತ್ತಿದೆ

ಕಾರಣ ಎರಡು ಇರಬಹುದು: ಬಿಸಿ ಸಾಲದು, ಇಲ್ಲವೇ ವಿನೈಲ್ ಸತ್ತಿದೆ. ತಿಳಿಯುವುದು ಸುಲಭ. ಒಂದು ಮೂಲೆಗೆ ಹೇರ್ ಡ್ರೈಯರ್ ಹಿಡಿದು, ಅಂಗೈ ಇಟ್ಟರೆ ಚೆನ್ನಾಗಿ ಬಿಸಿ ತಾಗುವವರೆಗೆ ಕಾಯಿಸಿ. ಕೈ ಕಿತ್ತುಕೊಳ್ಳುವಷ್ಟು ಬೇಡ. ಲೆಕ್ಕದಲ್ಲಿ ಹೇಳುವುದಾದರೆ 50ರಿಂದ 60 ಡಿಗ್ರಿ ಸೆಲ್ಸಿಯಸ್. ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಊಹಿಸುವ ಕೆಲಸ ಇರುವುದಿಲ್ಲ. ಈಗ ಮೂಲೆ ಬಾಗಿದರೆ ವಿನೈಲಿಗೆ ಜೀವ ಇದೆ. ಬಿಸಿಯಾಗಿದ್ದೂ ಮುರಿದರೆ ಸತ್ತಿದೆ ಎಂದೇ ಅರ್ಥ. ವಿನೈಲನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ವರ್ಷ ಕಳೆದಂತೆ ಹೊರಟುಹೋಗುತ್ತದೆ. ಬಿಸಿಲು ಉಳಿದದ್ದನ್ನು ಮುಗಿಸುತ್ತದೆ.

ಜೀವ ಇದ್ದರೆ ಕೆಲಸ ತಾಳ್ಮೆಯದ್ದು ಅಷ್ಟೇ. ಒಂದು ಅಂಗೈಯಷ್ಟು ಜಾಗ ಕಾಯಿಸಿ. ಮೂಲೆಯನ್ನು ಪ್ಲಾಸ್ಟಿಕ್ ಬ್ಲೇಡಿಂದ ಎಬ್ಬಿಸಿ. ನೆಟ್ಟಗೆ ಮೇಲಕ್ಕೆ ಎಳೆಯಬೇಡಿ. ಬಂದ ತುದಿಯನ್ನು ಹಿಂದಕ್ಕೆ ಮಡಚಿ, ಮೈಗೆ ಸವರಿದ ಹಾಗೆ ಎಳೆಯಿರಿ, ನಿಧಾನವಾಗಿ. ಅವಸರ ಮಾಡಿದರೆ ಹರಿಯುತ್ತದೆ. ನೀವು ಗಮನಿಸುವ ಒಂದು ವಿಚಿತ್ರ: ಅಕ್ಷರ ಚೆನ್ನಾಗಿ ಬರುತ್ತಾ ಬರುತ್ತಾ ಒಂದು ನೇರ ಗೆರೆಯಲ್ಲಿ ಥಟ್ಟನೆ ಕಚ್ಚಿಕೊಳ್ಳುತ್ತದೆ. ಆ ಗೆರೆಯಲ್ಲಿ ರಿವೆಟ್ ಸಾಲು ಇರುತ್ತದೆ. ತಗಡಿನ ಹಿಂದೆ ಅಲ್ಲಿ ಚೌಕಟ್ಟಿನ ಪಟ್ಟಿ ಇದೆ, ಅದು ಬಿಸಿಯನ್ನು ಹೀರಿಕೊಳ್ಳುತ್ತದೆ. ಅಲ್ಲಿ ಎರಡು ಪಟ್ಟು ಹೊತ್ತು ಕಾಯಿಸಿ, ಬಲ ಹಾಕಬೇಡಿ.

ಸತ್ತ ವಿನೈಲಿಗೆ ಉಗುರು ಸವೆಸುವುದು ವ್ಯರ್ಥ. ನನಗೆ ಕೆಲಸ ಮಾಡಿದ್ದು ನೆನೆಸುವುದು. ಸಿಟ್ರಸ್ ಎಣ್ಣೆ ಇರುವ ಗಮ್ ಕ್ಲೀನರನ್ನು ಟಿಶ್ಯೂ ಕಾಗದಕ್ಕೆ ಹಾಕಿ ಅಕ್ಷರದ ಮೇಲೆ ಮೆತ್ತಿ, ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಒತ್ತಿ, ಕಾಲು ಗಂಟೆ ಬಿಟ್ಟೆ. ಹಳೇ ವಿನೈಲ್ ತುಂಬ ಬಿರುಕು, ಕ್ಲೀನರ್ ಅದರೊಳಗಿಂದ ಇಳಿದು ಗಮ್ಮನ್ನು ತಲುಪುತ್ತದೆ. ಆಮೇಲೆ ಪ್ಲಾಸ್ಟಿಕ್ ಬ್ಲೇಡಿಗೆ ಸಿಪ್ಪೆಯ ಹಾಗೆ ಬರುತ್ತದೆ. ಬ್ಲೇಡ್ ಇಲ್ಲದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡ್. ಇನ್ನೊಂದು ಉಪಾಯ: ಪುಡಿಯಾಗುವ ಅಕ್ಷರದ ಮೇಲೆ ಪಾರ್ಸಲ್ ಟೇಪ್ ಒತ್ತಿ ಅಂಟಿಸಿ, ಅದರ ಮೇಲಿಂದ ಕಾಯಿಸಿ, ಎರಡನ್ನೂ ಒಟ್ಟಿಗೆ ಎಳೆಯುವುದು. ಅರ್ಧದಷ್ಟು ಸಲ ಫಲ ಕೊಟ್ಟಿದೆ.

ರಬ್ಬರ್ ಚಕ್ರ, ಅಂದರೆ ಎರೇಸರ್ ವೀಲ್, ಕಾರಿನವರ ಮೆಚ್ಚಿನ ಸಾಧನ. ಗಮ್ಮನ್ನೂ ವಿನೈಲನ್ನೂ ಉಜ್ಜಿ ತೆಗೆಯುತ್ತದೆ. ಅದಕ್ಕೆ ವೇಗದ ಮಿತಿ ಇದೆ, ಸಾಮಾನ್ಯವಾಗಿ ನಿಮಿಷಕ್ಕೆ 4,000 ಸುತ್ತಿನ ಒಳಗೆ. ಡ್ರಿಲ್ಲಿಗೆ ಹಾಕಿದರೆ ಸರಿ. ನಾಲ್ಕಿಂಚಿನ ಆಂಗಲ್ ಗ್ರೈಂಡರ್ ಸುಮಾರು 11,000 ಸುತ್ತು ಓಡುತ್ತದೆ. ನಮ್ಮ ಹುಡುಗನೊಬ್ಬ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಸಾರ್, ಎರಡೇ ನಿಮಿಷ ಸಾರ್, ಎಲ್ಲ ಕ್ಲೀನ್ ಮಾಡಿಬಿಡ್ತೀನಿ."

"ಬೇಡಪ್ಪಾ, ಡ್ರಿಲ್ ತಗೋ."

ನಾನು ಟೀ ಕುಡಿದು ಬರುವಷ್ಟರಲ್ಲಿ ರಿವೆಟ್ ತಲೆಯೊಂದು ಬರಿ ಬೆಳ್ಳಿಯಾಗಿ ಹೊಳೆಯುತ್ತಿತ್ತು. ಅದರ ಸುತ್ತ ಕಾಸಿನಗಲ ಪೇಂಟ್ ಸುಟ್ಟು ಹಳದಿಯಾಗಿತ್ತು. ಹುಡುಗ ಏನೂ ಮಾತಾಡದೆ ಗ್ರೈಂಡರನ್ನು ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ. ಆಮೇಲಿಂದ ನಾನು ಈ ಚಕ್ರವನ್ನು ರಿವೆಟ್ ಇಲ್ಲದ ಬಯಲಲ್ಲಿ ಮಾತ್ರ, ಒಂದೇ ಕಡೆ ನಿಲ್ಲಿಸದೆ, ಮುಟ್ಟಿ ಮುಟ್ಟಿ ಬಿಸಿ ನೋಡುತ್ತಾ ಬಳಸುತ್ತೇನೆ.

ಕಬ್ಬಿಣದ ಬ್ಲೇಡ್ ಯಾಕೆ ಬೇಡ

ಈ ಮೈಯ ತಗಡು ಎಷ್ಟು ತೆಳು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಅರ್ಧ ಮಿಲಿಮೀಟರ್‌ನಿಂದ ಮುಕ್ಕಾಲು ಮಿಲಿಮೀಟರ್ ಆಸುಪಾಸು. 2024 ಅನ್ನುವ ಗಟ್ಟಿ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯುಮಿನಿಯಂ ತೆಳುವಾಗಿ ಹೊದಿಸಿರುತ್ತಾರೆ. ಹೊದಿಕೆ ಒಂದೊಂದು ಬದಿಗೆ ದಪ್ಪದ 5 ಶೇಕಡದಷ್ಟು. ಅರ್ಧ ಮಿಲಿಮೀಟರ್ ತಗಡಿನಲ್ಲಿ ಅದು 25 ಮೈಕ್ರಾನ್, ಕೂದಲಿಗಿಂತ ತೆಳು. ತುಕ್ಕು ತಡೆಯುವುದು ಆ ಹೊದಿಕೆಯೇ. ಶೇವಿಂಗ್ ಬ್ಲೇಡಿನ ಮೂಲೆ ಒಂದು ಸಲ ಜಾರಿದರೆ ಪೇಂಟ್, ಪ್ರೈಮರ್, ಹೊದಿಕೆ ಮೂರನ್ನೂ ದಾಟಬಹುದು.

ದೊಡ್ಡ ವಿಮಾನಗಳಲ್ಲಿ ಇದು ಇನ್ನೂ ದುಬಾರಿ ಪಾಠವಾಗಿತ್ತು. ಸಂದಿ ಮುಚ್ಚುವ ಸೀಲೆಂಟ್, ಸ್ಟಿಕ್ಕರ್ ತೆಗೆಯಲು ಬಳಸಿದ ಚೂಪು ಸಾಧನಗಳು ಹಳೇ ಬೋಯಿಂಗ್ 737ಗಳ ತಗಡಿನ ಮೇಲೆ ಗೀರು ಬಿಟ್ಟಿದ್ದವು. ಒಳಗಿನ ಗಾಳಿಯ ಒತ್ತಡ ಏರಿ ಇಳಿಯುತ್ತಾ ಆ ಗೀರಿನಿಂದಲೇ ಬಿರುಕು ಶುರುವಾಗಬಹುದು ಅಂತ ತಿಳಿದ ಮೇಲೆ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಅಂಥ ಗೀರುಗಳನ್ನು ಹುಡುಕುವ ತಪಾಸಣೆ ಕಡ್ಡಾಯ ಮಾಡಿತು. 172ರಲ್ಲಿ ಆ ಒತ್ತಡ ಇಲ್ಲ, ನಿಜ. ಆದರೆ ಗೀರಿನಲ್ಲಿ ನೀರು ನಿಲ್ಲುವುದಕ್ಕೆ ಒತ್ತಡ ಬೇಕಿಲ್ಲ. ಚಾಕುವಿನಿಂದ ಅಕ್ಷರವನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಎಳೆಯುವ ಉಪಾಯವೂ ಇದೇ ಕಾರಣಕ್ಕೆ ಬೇಡ.

ವಿನೈಲ್ ಬಂತು, ಗಮ್ ಎಲ್ಲಾ ಉಳಿಯಿತು

ಗಮ್ ಎಳೆ ಎಳೆಯಾಗಿ, ಒಂದೆಳೆ ಪಾಕದ ಹಾಗೆ ಹಿಗ್ಗಿಕೊಂಡು ಬರುತ್ತಿದ್ದರೆ ಬಿಸಿ ಜಾಸ್ತಿಯಾಗಿದೆ. ಒಂದು ನಿಮಿಷ ಆರಲು ಬಿಡಿ, ಮತ್ತೆ ಎಳೆಯಿರಿ. ಇನ್ನೂ ನಿಧಾನವಾಗಿ ಎಳೆದರೆ ಗಮ್ ವಿನೈಲಿನ ಜೊತೆಗೇ ಬರುವುದೂ ಉಂಟು. ಅಕ್ಷರದ ಸುತ್ತ ಕಪ್ಪು ಅಂಚು ಇದ್ದರೆ ಅದೂ ಗಮ್ಮೇ. ಅಗ್ಗದ ವಿನೈಲ್ ಕಾಲಕ್ರಮದಲ್ಲಿ ಕುಗ್ಗುತ್ತದೆ, ಹಿಂದೆ ಬಿಟ್ಟ ಗಮ್ಮಿಗೆ ಧೂಳು ಅಂಟುತ್ತದೆ. ರೇಡಿಯಂ ಅಂಗಡಿಯಲ್ಲಿ ಬೈಕಿನ ನಂಬರ್ ಪ್ಲೇಟಿಗೆ ಕತ್ತರಿಸುವ ದಪ್ಪ ಹಾಳೆಯನ್ನೇ ವಿಮಾನಕ್ಕೂ ಹಾಕಿದ್ದರೆ ಹೀಗಾಗುವುದು ಹೆಚ್ಚು. ದ್ರವವನ್ನು ಹೊಯ್ದು ಮಾಡುವ ಒಳ್ಳೆಯ ಕಾಸ್ಟ್ ವಿನೈಲ್ ಅಷ್ಟು ಕುಗ್ಗುವುದಿಲ್ಲ.

ಗಮ್ ತೆಗೆಯುವ ವಿದ್ಯೆ ಹಲಸಿನ ಹಣ್ಣು ಬಿಡಿಸಿದ ಎಲ್ಲರಿಗೂ ಗೊತ್ತು. ಕೈಗೆ ಹತ್ತಿದ ಮೇಣ ನೀರಿಗೆ, ಸೋಪಿಗೆ ಜಗ್ಗುವುದಿಲ್ಲ, ಎಣ್ಣೆ ಸವರಿದರೆ ಬಿಡುತ್ತದೆ. ಇಲ್ಲೂ ಹಾಗೇ. ಮೊದಲು ಎಣ್ಣೆಯ ಜಾತಿಯದ್ದನ್ನು ಬಳಸಿ: ಸಿಟ್ರಸ್ ಕ್ಲೀನರ್, ಅದು ಸಿಗದಿದ್ದರೆ ಸೀಮೆಎಣ್ಣೆ ಅಥವಾ ಮಿನರಲ್ ಟರ್ಪೆಂಟೈನ್. ಹಚ್ಚಿ, ಐದು ನಿಮಿಷ ಬಿಟ್ಟು, ಬನಿಯನ್ ವೇಸ್ಟಿನಿಂದ ಒರೆಸಿ. ಒಂದೇ ಬಟ್ಟೆಯಲ್ಲಿ ಉಜ್ಜುತ್ತಾ ಹೋದರೆ ಗಮ್ಮನ್ನು ಊರೆಲ್ಲಾ ಹಂಚಿದಂತಾಗುತ್ತದೆ, ಮಗ್ಗುಲು ಬದಲಿಸಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎಣ್ಣೆ ಜಿಡ್ಡು ತೆಗೆಯಿರಿ. ತಗಡು ಒಂದರ ಮೇಲೊಂದು ಕೂರುವ ಸಂದಿಗೆ ಯಾವುದನ್ನೂ ಸುರಿಯಬೇಡಿ. ಒಳಗೆ ಇಳಿದರೆ ಸೀಲೆಂಟ್ ಮೆತ್ತಗಾಗಬಹುದು. ಬಟ್ಟೆಗೆ ಹಾಕಿಕೊಂಡು ಸಂದಿಯಿಂದ ಆಚೆಗೆ ಒರೆಸಿ.

ಥಿನ್ನರ್ ಬಗ್ಗೆ ಪ್ರತಿ ಹ್ಯಾಂಗರಿನಲ್ಲೂ ಜಗಳ ಇದೆ. ಚೆನ್ನಾಗಿ ಒಣಗಿ ಗಟ್ಟಿಯಾದ ಪಿಯು (ಪಾಲಿಯುರೆಥೇನ್) ಪೇಂಟ್ ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ 1960, 70ರ ದಶಕದ ಎಷ್ಟೋ ಸೆಸ್ನಾಗಳಿಗೆ ಹೊಡೆದದ್ದು ಅಕ್ರಿಲಿಕ್ ಲ್ಯಾಕರ್. ಅದಕ್ಕೆ ಥಿನ್ನರ್ ತಾಗಿದರೆ ಪೇಂಟೇ ಕರಗುತ್ತದೆ. ಬಾಗಿಲಿನ ಒಳ ಅಂಚಿನಂಥ ಮರೆಯ ಜಾಗದಲ್ಲಿ ಬಿಳಿ ಬಟ್ಟೆಗೆ ಒಂದು ಹನಿ ಹಾಕಿ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಬಂದು, ಪೇಂಟ್ ಅಂಟಂಟಾದರೆ ಲ್ಯಾಕರ್. ಬಿಸಿಲಿಗೆ ಬೂದಿ ಹಿಡಿದ ಪಿಯು ಕೂಡ ಸ್ವಲ್ಪ ಪುಡಿ ಬಿಡುತ್ತದೆ, ಆದರೆ ಅಂಟಾಗುವುದಿಲ್ಲ. ನನ್ನ ಮಟ್ಟಿಗೆ ಥಿನ್ನರ್ ಬೇಕಾದ ಸಂದರ್ಭವೇ ಬಂದಿಲ್ಲ.

ಇನ್ನೊಂದು ಕೆಟ್ಟ ಅಭ್ಯಾಸ: ಬೆಳಿಗ್ಗೆ ಟ್ಯಾಂಕಿನಿಂದ ಪರೀಕ್ಷೆಗೆ ತೆಗೆದ ನೀಲಿ ಪೆಟ್ರೋಲನ್ನೇ ಬಟ್ಟೆಗೆ ಹಾಕಿ ಒರೆಸುವುದು. ಗಮ್ ಚೆನ್ನಾಗಿ ಹೋಗುತ್ತದೆ, ಸುಳ್ಳಲ್ಲ. ಆದರೆ 100 ಎಲ್‌ಎಲ್ ಅನ್ನುವ ಆ ಪೆಟ್ರೋಲಿನಲ್ಲಿ ಸೀಸ ಇದೆ, ಲೀಟರಿಗೆ 0.56 ಗ್ರಾಂವರೆಗೆ. ಅದು ಚರ್ಮದ ಮೂಲಕವೂ ಒಳಗೆ ಹೋಗುವ ರೂಪದಲ್ಲಿದೆ. ಪಕ್ಕದಲ್ಲೇ ಹೀಟ್ ಗನ್ ಕೆಂಪಗೆ ಕಾದಿರುತ್ತದೆ. 172ರ ಟ್ಯಾಂಕ್ ರೆಕ್ಕೆಯಲ್ಲೇ ಇದೆ, ಅದರ ಗಾಳಿಕೊಳವೆ ಎಡ ರೆಕ್ಕೆಯ ಕೆಳಗೆ, ರೆಕ್ಕೆಗೆ ಆಸರೆ ಕೊಡುವ ಸ್ಟ್ರಟ್ ಕಂಬಿಯ ಹತ್ತಿರ. ಆ ಜಾಗದ ಸುತ್ತಮುತ್ತ ಹೀಟ್ ಗನ್ ಆಗಲಿ ಹೇರ್ ಡ್ರೈಯರ್ ಆಗಲಿ ತರಬೇಡಿ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಕ್ಷರದ ಮೇಲೆ ಒತ್ತಿ ಹಿಡಿದರೂ ಕೆಲಸ ಆಗುತ್ತದೆ, ಹೊತ್ತು ಹಿಡಿಯುತ್ತದೆ ಅಷ್ಟೇ.

ಅಕ್ಷರದ ಜೊತೆ ಪೇಂಟ್ ಬರುತ್ತಿದೆ

ನಿಲ್ಲಿಸಿ. ಇನ್ನೊಂದು ಮಿಲಿಮೀಟರ್ ಕೂಡ ಎಳೆಯಬೇಡಿ. ಬಂದ ಚಕ್ಕೆಯನ್ನು ತಿರುವಿ ಹಿಂಬದಿ ನೋಡಿ.

ಹಿಂಬದಿಯೂ ಪೇಂಟಿನ ಬಣ್ಣವೇ, ಮೈಮೇಲೆ ಬೇರೊಂದು ಹಳೇ ಬಣ್ಣ ಕಾಣುತ್ತಿದೆ ಎಂದರೆ, ಹಳೇ ಪೇಂಟಿನ ಮೇಲೆ ಸರಿಯಾಗಿ ಉಜ್ಜದೆ, ಮೇಣದ ಪಾಲಿಶ್ ತೆಗೆಯದೆ ಹೊಸದು ಹೊಡೆದಿದ್ದಾರೆ. ಹಿಂಬದಿ ಹಸಿರು ಅಥವಾ ಹಳದಿ ಪ್ರೈಮರ್ ಇದ್ದು ಕೆಳಗೆ ಬರಿ ತಗಡು ಹೊಳೆಯುತ್ತಿದ್ದರೆ ಪ್ರೈಮರ್ರೇ ತಗಡಿಗೆ ಹಿಡಿದಿಲ್ಲ. ಬರಿ ತಗಡಿನ ಮೇಲೆ ಬಿಳಿ ಪುಡಿ, ಅಥವಾ ಹುಳು ಹರಿದ ಹಾಗೆ ಅಂಕುಡೊಂಕು ಗೆರೆಗಳು ಕಂಡರೆ ಅದು ತುಕ್ಕು. ಅಲ್ಯುಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಹೀಗೇ ಹಿಡಿಯುತ್ತದೆ. ತೇವದ ಗಾಳಿ ಇರುವ ಕಡಲತೀರದಲ್ಲಿ ನಿಂತ ವಿಮಾನಗಳಲ್ಲಿ ಇದನ್ನು ಹುಡುಕಿಯೇ ನೋಡಬೇಕು. ಈ ಹಂತದಲ್ಲಿ ಸ್ಟಿಕ್ಕರ್ ಕೆಲಸ ಮುಗಿಯಿತು, ಎಎಂಇ ಕರೆಯಿರಿ.

ನಮ್ಮ ಆರನೇ ಅಕ್ಷರದಡಿ ಹಸಿರು ಪ್ರೈಮರ್ ಚಕ್ಕೆಯ ಜೊತೆಗೇ ಬಂದಿತ್ತು, ಕೆಳಗೆ ಬರಿ ತಗಡು. ತುಕ್ಕು ಇರಲಿಲ್ಲ. ಹಳೇ ಲಾಗ್‌ಬುಕ್ ತಿರುವಿದಾಗ ಉತ್ತರ ಸಿಕ್ಕಿತು. ಅದೇ ಜಾಗದಲ್ಲಿ ಹಿಂದೆಂದೋ ಸಣ್ಣ ರಿಪೇರಿ ಮಾಡಿ, ತಗಡಿನ ತುಂಡು ಹಾಕಿ, ಅಷ್ಟಕ್ಕೇ ಪೇಂಟ್ ಹೊಡೆದಿದ್ದರು. ದೂರದಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ರಿವೆಟ್ ಸಾಲನ್ನು ಹತ್ತಿರದಿಂದ ನೋಡಿದ್ದರೆ ತಿಳಿಯುತ್ತಿತ್ತು, ಅಲ್ಲಿ ಸಾಲು ಒತ್ತೊತ್ತಾಗಿತ್ತು. ಈಗ ನಾನು ಕೆಲಸ ಶುರು ಮಾಡುವ ಮೊದಲೇ ಲಾಗ್‌ಬುಕ್ ಕೇಳುತ್ತೇನೆ.

ಕಿತ್ತುಹೋದ ಜಾಗವನ್ನು ಒಣ ಮರಳು ಕಾಗದದಲ್ಲಿ ಉಜ್ಜಲು ಹೋಗಬೇಡಿ. ಹಳೇ ಹಸಿರು, ಹಳದಿ ಪ್ರೈಮರಿನಲ್ಲಿ ಕ್ರೋಮೇಟ್ ಇರುತ್ತದೆ. ಅದರ ಧೂಳು ಕ್ಯಾನ್ಸರ್ ತರುವಂಥದ್ದು. ಉಜ್ಜಲೇಬೇಕಾದರೆ ನೀರು ಹಾಕಿ, ಮಾಸ್ಕ್ ಹಾಕಿ, ಬಂದ ಕೊಳೆಯನ್ನು ಬಟ್ಟೆಯಲ್ಲಿ ಹಿಡಿಯಿರಿ. ಅಕ್ಷರ ಬಾಲದ ರಡ್ಡರ್ ಮೇಲಿದ್ದರೆ ಇನ್ನೂ ಒಂದು ವಿಷಯ ಇದೆ. ರಡ್ಡರ್, ಐಲೆರಾನ್, ಎಲಿವೇಟರ್ ಅಂದರೆ ವಿಮಾನವನ್ನು ತಿರುಗಿಸಲು, ವಾಲಿಸಲು, ಮೂತಿ ಎತ್ತಿ ಇಳಿಸಲು ಅಲುಗಾಡುವ, ತೂಕ ಹೊಂದಿಸಿದ ಭಾಗಗಳು. ಅಲ್ಲಿ ಪೇಂಟ್ ಹೊಡೆದರೆ ಬ್ಯಾಲೆನ್ಸ್ ಪರೀಕ್ಷಿಸಬೇಕು. ಅಮೆರಿಕದಲ್ಲಿ ಮಾಲೀಕ ಪೈಲಟ್ ತಾನೇ ಮೈಗೆ ಅಂದದ ಪೇಂಟ್ ಹೊಡೆದುಕೊಳ್ಳಬಹುದು, ಅಲ್ಲಿನ ನಿಯಮವೂ ಈ ಭಾಗಗಳನ್ನು ಮಾತ್ರ ಹೊರಗಿಟ್ಟಿದೆ.

ಎಲ್ಲಾ ಹೋಯಿತು, ಆದರೂ ಹೆಸರು ಓದಲು ಬರುತ್ತಿದೆ

ಮಧ್ಯಾಹ್ನ ನೋಡಿದಾಗ ಮೈ ಬೆಳ್ಳಗಿತ್ತು. ಸಂಜೆ ಐದಕ್ಕೆ ಓರೆ ಬಿಸಿಲು ಬಿದ್ದಾಗ ಶಾಲೆಯ ಪೂರ್ತಿ ಹೆಸರು ಮತ್ತೆ ಬಂದು ನಿಂತಿತ್ತು. ಹೊಸ ಮಾಲೀಕರು ಅದೇ ಹೊತ್ತಿಗೆ ಬಂದರು.

ಇದಕ್ಕೆ ಒಂದು ಲೋಟ ನೀರಿನ ಪರೀಕ್ಷೆ ಇದೆ. ನೆರಳಿನಂತೆ ಕಾಣುವ ಅಕ್ಷರದ ಮೇಲೆ ನೀರು ಸವರಿ. ಒದ್ದೆಯಾದಾಗ ಅಕ್ಷರ ಮಾಯವಾದರೆ ತೊಂದರೆ ಹೊಳಪಿನದ್ದು. ಸುತ್ತಲಿನ ಪೇಂಟ್ ಬಿಸಿಲಿಗೆ ಬೂದಿ ಹಿಡಿದಿದೆ, ಸ್ಟಿಕ್ಕರ್ ಅಡಿಯದ್ದು ಹೊಸದಾಗೇ ಉಳಿದಿದೆ. ಪೇಂಟಿನ ಮೇಲ್ಪದರ ಸವೆಸಿ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ಹಾಕಿ ಸುತ್ತಲಿನದ್ದನ್ನು ಉಜ್ಜಿದರೆ ಎರಡೂ ಒಂದಾಗುತ್ತವೆ. ಒದ್ದೆಯಾದರೂ ಅಕ್ಷರ ಕಾಣುತ್ತಿದ್ದರೆ ಬಣ್ಣವೇ ಬದಲಾಗಿದೆ. ಸುತ್ತಲಿನದ್ದು ಮಾಸಿರಬಹುದು, ಇಲ್ಲವೇ ವಿನೈಲಿನ ಬಣ್ಣ ಪೇಂಟಿಗೆ ಇಳಿದಿರಬಹುದು. ಬಿಳಿ ಮೈಮೇಲಿನ ಕೆಂಪು ಸ್ಟಿಕ್ಕರ್ ಹೀಗೆ ಮಾಡುತ್ತದೆ. ಕಾಂಪೌಂಡ್ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ಉಗುರಿಗೆ ಅಂಚು ತಾಗಿದರೆ ಸ್ಟಿಕ್ಕರ್ ಇದ್ದ ಹಾಗೇ ಸುತ್ತಲೂ ಪೇಂಟ್ ಹೊಡೆದಿದ್ದಾರೆ. ಅದಕ್ಕೆ ಪಾಲಿಶ್ ಉತ್ತರವಲ್ಲ.

ಕಾಂಪೌಂಡ್ ಹಾಕುವ ಮೊದಲು ರಿವೆಟ್ ಸಾಲಿಗೂ ತಗಡಿನ ಅಂಚಿಗೂ ಮಾಸ್ಕಿಂಗ್ ಟೇಪ್ ಹಾಕಿ. ಎತ್ತರದ ಜಾಗದಲ್ಲಿ ಪೇಂಟ್ ಬೇಗ ಸವೆಯುತ್ತದೆ. ಒಟ್ಟು ಪೇಂಟ್ ಇರುವುದೇ ಮಿಲಿಮೀಟರಿನ ಹತ್ತನೇ ಒಂದರಷ್ಟು. ಒತ್ತಿ ಉಜ್ಜಿದರೆ ತಗಡು ಡಬ್ ಅಂತ ಒಳಗೆ ಹೋಗಿ ಹೊರಗೆ ಬರುವ ಸದ್ದು ಕೇಳಿಸುತ್ತದೆ. ಆ ಸದ್ದು ಬಂದರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ. ಮುಂದೆ ಆ ಜಾಗಕ್ಕೆ ಪೇಂಟ್ ಹೊಡೆಯುವುದಿದ್ದರೆ ಸಿಲಿಕೋನ್ ಇರುವ ಪಾಲಿಶ್ ಬೇಡ. ಹೊಸ ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಹೊಸ ಸ್ಟಿಕ್ಕರ್ ಅಂಟಿಸುವುದಿದ್ದರೂ ಮೇಣ ಹಚ್ಚಬೇಡಿ, ಹಿಡಿಯುವುದಿಲ್ಲ.

ಗಮ್ ಪೂರ್ತಿ ಹೋಯಿತೇ ಅಂತ ನೋಡಲು ನನ್ನದು ಬರಿ ಬಾಯಿಯ ಪರೀಕ್ಷೆ. ಕನ್ನಡಕ ಒರೆಸುವಾಗ ಮಾಡುವ ಹಾಗೆ "ಹಾ" ಅಂತ ಹತ್ತಿರದಿಂದ ಊದಿ. ಗಮ್ ಅಥವಾ ಜಿಡ್ಡು ಉಳಿದಿದ್ದರೆ ಮಂಜು ಅಲ್ಲಿ ಬೇರೆ ಥರ ಕೂರುತ್ತದೆ, ಅಕ್ಷರದ ಅಂಚು ಒಂದು ಕ್ಷಣ ಮೂಡಿ ಮಾಯವಾಗುತ್ತದೆ. ನಮ್ಮ ವಿಮಾನದಲ್ಲಿ ಹನ್ನೊಂದನೇ ಅಕ್ಷರದ ಕೆಳಗಿನ ಮೂಲೆ ಹೀಗೆ ಸಿಕ್ಕಿಬಿತ್ತು. ಇನ್ನೊಂದು ಸಲ ಸಿಟ್ರಸ್, ಇನ್ನೊಂದು ಸಲ ಆಲ್ಕೋಹಾಲ್. ಆಮೇಲೆ ಕಾಗದ ತೆಗೆದು ಟೇಪ್ ಎಣಿಸಿದೆವು. ಕಿಟಕಿಗೆ ಆರು, ಸ್ಟ್ಯಾಟಿಕ್ ಪೋರ್ಟಿಗೆ ಒಂದು, ಪಿಟೊ ಕವರ್ ಒಂದು. ಎಂಟೂ ಕೈಗೆ ಬಂದ ಮೇಲೆ ಹ್ಯಾಂಗರ್ ಬಾಗಿಲು ತೆಗೆದೆವು.